ಪಾಸು ಕೈಲಿದೆ, ಬಸ್ಸು ಎಲ್ಲಿ?

ಬೆಳಿಗ್ಗೆ ಏಳು ಗಂಟೆಗೆ ಯಾವ ಹಳ್ಳಿಯ ಗೇಟಿನ ಹತ್ತಿರ ಹೋಗಿ ನಿಂತರೂ ಒಂದೇ ನೋಟ. ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಹುಡುಗರು ಒಂದು ಕಡೆ ಅರಳಿಕಟ್ಟೆಯ ಮೇಲೆ, ಹುಡುಗಿಯರು ಇನ್ನೊಂದು ಕಡೆ ಅಂಗಡಿಯ ಸೂರಿನ ಕೆಳಗೆ. ಮಾತು, ನಗು, ಕೀಟಲೆ ಎಲ್ಲಾ ನಡೆದಿರುತ್ತೆ. ಆದರೆ ದೂರದಲ್ಲಿ ಹಾರನ್ ಕೇಳಿಸಿತೋ, ಎಲ್ಲರೂ ಗಪ್‌ಚಿಪ್. ಬಸ್ಸು ನಿಲ್ಲುತ್ತೋ, ಹಾಗೇ ಮುಂದೆ ಹೋಗಿಬಿಡುತ್ತೋ? ಆ ಮಕ್ಕಳ ಆ ದಿನದ ಓದು ಅದೊಂದು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತೆ.

ಬಸ್ಸಿನ ವಿಚಾರ ಗಂಡಸರು ನೋಡಿಕೊಳ್ಳಲಿ, ನಮಗೇಕೆ ಅಂತ ಕೆಲವು ಸೋದರಿಯರು ಅನ್ನಬಹುದು. ಆದರೆ ಬಸ್ಸು ಆರೂಮುಕ್ಕಾಲಿಗೆ ಅಂದರೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚುವವರು ಯಾರು? ಸಂಜೆ ದೀಪ ಹಚ್ಚುವ ಹೊತ್ತಾದರೂ ಮಗಳು ಬರಲಿಲ್ಲವೆಂದು ಬಾಗಿಲಿಗೂ ಬೀದಿಗೂ ಓಡಾಡುವವರು ಯಾರು? ಬಸ್ಸಿನ ವೇಳಾಪಟ್ಟಿ ನಮ್ಮ ಅಡುಗೆಮನೆಯ ಗಡಿಯಾರವನ್ನೇ ಆಳುತ್ತಿರುವಾಗ, ಅದರ ವಿಚಾರವನ್ನು ನಾವಲ್ಲದೆ ಇನ್ಯಾರು ಮಾತಾಡಬೇಕು?

ಮೊದಲು ದುಡ್ಡಿನ ಮಾತು. ಈ ವಿಷಯದಲ್ಲಿ ನಮ್ಮ ರಾಜ್ಯದ ಮಕ್ಕಳು ಅದೃಷ್ಟವಂತರೆಂದೇ ಹೇಳಬೇಕು. ವಿದ್ಯಾರ್ಥಿ ಪಾಸಿನ ವ್ಯವಸ್ಥೆ ನಮ್ಮಲ್ಲಿ ಹಳೆಯದು. 2023-24ರ ಶಾಲಾ ವರ್ಷದಲ್ಲಿ ಇದ್ದ ದರ ಹೀಗಿತ್ತು: ಪ್ರಾಥಮಿಕ ಶಾಲೆಯ ಮಕ್ಕಳಿಗೆ 150 ರೂಪಾಯಿ, ಹೈಸ್ಕೂಲು ಹುಡುಗರಿಗೆ 750, ಹುಡುಗಿಯರಿಗೆ 550, ಪಿ.ಯು.ಸಿ., ಪದವಿ, ಡಿಪ್ಲೊಮಾ ಓದುವವರಿಗೆ 1,050, ಇಂಜಿನಿಯರಿಂಗ್‌ನಂಥ ವೃತ್ತಿ ಶಿಕ್ಷಣದವರಿಗೆ 1,550. ಇದು ಒಂದು ತಿಂಗಳಿಗಲ್ಲ, ಹತ್ತು ತಿಂಗಳಿಗೆ. ಐ.ಟಿ.ಐ. ಮಕ್ಕಳಿಗೆ ಹನ್ನೆರಡು ತಿಂಗಳಿಗೆ 1,310. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಇದಕ್ಕಿಂತ ಬಹಳ ಕಡಿಮೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಹೋಗಿ ಬರೋಕೆ 50 ರೂಪಾಯಿ ಟಿಕೆಟ್ ಆಗುವ ಹುಡುಗನಿಗೆ ತಿಂಗಳಲ್ಲಿ 25 ದಿನ ಕಾಲೇಜೆಂದರೂ 1,250 ಆಯಿತು. ಪಾಸಿದ್ದರೆ ಅದಕ್ಕಿಂತ ಕಡಿಮೆ ದುಡ್ಡಿನಲ್ಲಿ ವರ್ಷದ ಓದೇ ಮುಗಿಯುತ್ತೆ. 2025ರ ಜನವರಿ 5ರಿಂದ ಟಿಕೆಟ್ ದರ ಶೇಕಡ 15ರಷ್ಟು ಏರಿದ ಮೇಲಂತೂ ಪಾಸಿನ ಬೆಲೆ ಏನೆಂದು ಮನೆಮನೆಗೂ ಗೊತ್ತಾಯಿತು. ಪಾಸಿಗೆ ಸೇವಾ ಸಿಂಧು ಮೂಲಕ ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು. ಹಳ್ಳಿಯಲ್ಲಿ ಇದೊಂದು ತಲೆನೋವು ನಿಜ. ಜೂನ್ ತಿಂಗಳಲ್ಲಿ ಸೈಬರ್ ಅಂಗಡಿಯ ಮುಂದೆ ಕ್ಯೂ, ಸರ್ವರ್ ಡೌನ್ ಅನ್ನುವ ರಾಗ. ದಾಖಲಾತಿ ಆದ ವಾರದಲ್ಲೇ ಅರ್ಜಿ ಹಾಕಿದವರು ಗೆದ್ದರು.

ಆಮೇಲೆ ಬಂತು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಕರ್ನಾಟಕದ ವಿಳಾಸವಿರುವ ಎಲ್ಲ ಹೆಣ್ಣುಮಕ್ಕಳಿಗೂ, ಲಿಂಗತ್ವ ಅಲ್ಪಸಂಖ್ಯಾತರಿಗೂ ರಾಜ್ಯದೊಳಗೆ ಓಡಾಡುವ ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ರಾಜಹಂಸ, ಐರಾವತ, ಎ.ಸಿ., ಸ್ಲೀಪರ್ ಇದಕ್ಕೆ ಸೇರಲ್ಲ. 2025ರ ಜುಲೈ ಹೊತ್ತಿಗೆ ಈ ಉಚಿತ ಟಿಕೆಟ್ಟುಗಳ ಲೆಕ್ಕ 500 ಕೋಟಿ ದಾಟಿತು. ದೆಹಲಿಯಲ್ಲಿ 2019ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಶುರುವಾದದ್ದು ನಮ್ಮಲ್ಲಿಗೂ ಬಂತು.

ಈ ಯೋಜನೆಯನ್ನು ಆಡಿಕೊಂಡು ನಗುವವರನ್ನು ನಾನು ನೋಡಿದ್ದೇನೆ. ಹೆಂಗಸರು ಸುಮ್ಮನೆ ಸುತ್ತಾಡೋಕೆ ಹೋಗ್ತಾರೆ ಅಂತ. ಹೋಗಲಿ ಬಿಡಿ, ಧರ್ಮಸ್ಥಳಕ್ಕೋ ಮಗಳ ಮನೆಗೋ ಹೋದರೆ ಯಾರ ಗಂಟೇನು ಹೋಯಿತು! ಆದರೆ ಅವರ ಕಣ್ಣಿಗೆ ಬೀಳದ್ದು ಒಂದಿದೆ. ಡಿಗ್ರಿ ಓದುವ ಹುಡುಗಿ ಈಗ ಅಪ್ಪನ ಮುಂದೆ ಕೈಚಾಚದೆ ತಾಲೂಕು ಕೇಂದ್ರದ ಲೈಬ್ರರಿಗೆ ಹೋಗಿಬರಬಹುದು. ಪಾಸು ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ. ಕಂಪ್ಯೂಟರ್ ಕ್ಲಾಸಿಗೆ, ಸ್ಪರ್ಧಾ ಪರೀಕ್ಷೆ ಬರೆಯೋಕೆ, ಕೆಲಸದ ಸಂದರ್ಶನಕ್ಕೆ ಅದು ನಡೆಯಲ್ಲ. ಹುಡುಗಿಗೆ ಈಗ ಆ ದಾರಿಗಳೂ ತೆರೆದವು.

ಇಲ್ಲೇ ಒಂದು ಸಣ್ಣ ಕಿವಿಮಾತು. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ಟನ್ನು ದಯವಿಟ್ಟು ಕೇಳಿ ತೆಗೆದುಕೊಳ್ಳಿ. ‘ಹೇಗೂ ಫ್ರೀ ಅಲ್ವಾ’ ಅಂತ ಹುಡುಗಿಯರು ಮಾತಾಡ್ತಾ ಕೂತುಬಿಡ್ತಾರೆ. ಆ ಚೀಟಿಯ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಚೀಟಿ ಹರಿಯದಿದ್ದರೆ ಆ ಹುಡುಗಿ ಬಸ್ಸಿನಲ್ಲಿ ಕೂತಿದ್ದಕ್ಕೆ ದಾಖಲೆಯೇ ಇಲ್ಲ. ದಾಖಲೆ ಇಲ್ಲವೆಂದ ಮೇಲೆ ‘ಈ ಟ್ರಿಪ್ಪಿಗೆ ಜನವೇ ಇಲ್ಲ’ ಅಂತ ನಾಳೆ ಯಾರಾದರೂ ಹೇಳಿದರೆ ನಾವು ಏನು ತೋರಿಸೋಣ?

ಹಾಗಾದರೆ ಗಂಡುಮಕ್ಕಳು? ನಮ್ಮ ಮನೆಯಲ್ಲೇ ಇದೆ ಈ ಜಗಳ. ಮಗಳು ಪಿ.ಯು.ಸಿ., ಮಗ ಡಿಪ್ಲೊಮಾ. ಒಂದೇ ಗೇಟು, ಒಂದೇ ಬಸ್ಸು. ‘ಅಮ್ಮಾ, ಅವಳಿಗೆ ಪುಕ್ಕಟೆ, ನಂಗೆ ಮಾತ್ರ ಯಾಕೆ ದುಡ್ಡು?’ ಅಂತ ಅವನು. ‘ಇಷ್ಟು ವರ್ಷ ನಿನ್ನ ಟ್ಯೂಷನ್ನಿಗೆ ಕೊಟ್ಟರಲ್ಲ, ಅದು ಪುಕ್ಕಟೆ ಬಂತಾ?’ ಅಂತ ಇವಳು. ಇಬ್ಬರ ಮಾತಲ್ಲೂ ಹುರುಳಿದೆ. ಹೆಣ್ಣುಮಕ್ಕಳಿಗೆ ಕೊಟ್ಟಿದ್ದು ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೂಲಿ ಮಾಡುವವರ ಮನೆಯ ಹುಡುಗನಿಗೆ ಜೂನ್ ತಿಂಗಳಲ್ಲಿ 1,050 ಒಟ್ಟಿಗೆ ಹೊಂದಿಸೋದು ಸುಲಭವಲ್ಲ. ಬೀಜ, ಗೊಬ್ಬರ, ಪುಸ್ತಕ, ಕಾಲೇಜಿನ ಫೀಸು ಎಲ್ಲವೂ ಆ ತಿಂಗಳಲ್ಲೇ ಬಾಯಿ ತೆರೆಯುತ್ತವೆ. ಎರಡು ಕಂತಿನಲ್ಲಿ ಕಟ್ಟೋ ಹಾಗಾದರೂ ಮಾಡಬಾರದೇ ಅನ್ನಿಸುತ್ತೆ.

ಇನ್ನು ಓದು ಮುಗಿಸಿ ಕೆಲಸ ಹುಡುಕುವ ಹುಡುಗರ ಪಾಡನ್ನು ಕೇಳುವವರೇ ಇಲ್ಲ. ಕಾಲೇಜು ಬಿಟ್ಟ ದಿನ ಪಾಸೂ ಹೋಯಿತು, ಸಂಬಳವೂ ಇಲ್ಲ. ಸಂದರ್ಶನಕ್ಕೆ ಹೋಗೋಕೆ ಬಸ್ ಚಾರ್ಜು ಇಲ್ಲದೆ ಕೆಲಸ ಕೈತಪ್ಪಿಸಿಕೊಂಡ ಹುಡುಗರು ಒಬ್ಬಿಬ್ಬರಲ್ಲ. ಸ್ಕಾಟ್‌ಲೆಂಡಿನಲ್ಲಿ 2022ರ ಜನವರಿ 31ರಿಂದ 22 ವರ್ಷ ತುಂಬದ ಎಲ್ಲರಿಗೂ ಬಸ್ಸು ಉಚಿತ ಮಾಡಿದ್ದಾರೆ. ಓದುತ್ತಿದ್ದೀಯಾ, ಗಂಡೋ ಹೆಣ್ಣೋ ಅಂತ ಕೇಳೋದಿಲ್ಲ, ವಯಸ್ಸು ನೋಡ್ತಾರೆ ಅಷ್ಟೆ. ಆ ದೇಶದ ಜನ ನಮ್ಮ ಬೆಂಗಳೂರಿನ ಜನಕ್ಕಿಂತಲೂ ಕಡಿಮೆ, ಅವರಿಗೆ ಸಾಧ್ಯ, ನಮಗೆ ಕಷ್ಟ, ಒಪ್ಪೋಣ. ಆದರೂ ಓದು ಮುಗಿದ ಮೇಲೆ ಒಂದು ವರ್ಷವಾದರೂ ಪಾಸು ಮುಂದುವರಿಸಿದರೆ ನಿಗಮವೇನೂ ಮುಳುಗಿಹೋಗದು.

ಉಚಿತ ಬಸ್ಸು ಬಾರದ ಬಸ್ಸಾದರೆ?

ಈಗ ಮುಖ್ಯ ವಿಚಾರಕ್ಕೆ ಬರ್ತೇನೆ. ದುಡ್ಡು ಕಡಿಮೆ ಮಾಡಿದರು, ಹೆಣ್ಣುಮಕ್ಕಳಿಗೆ ಪೂರ್ತಿ ತೆಗೆದೇಬಿಟ್ಟರು. ಆದರೆ ಬಸ್ಸೇ ಬರದಿದ್ದರೆ, ಬಂದರೂ ನಿಲ್ಲದಿದ್ದರೆ, ನಿಂತರೂ ಒಳಗೆ ಕಾಲಿಡಲು ಜಾಗವಿಲ್ಲದಿದ್ದರೆ ಆ ಪಾಸನ್ನು ಏನು ಮಾಡೋಣ, ಗೋಡೆಗೆ ಕಟ್ಟು ಹಾಕಿಸೋಣವೇ?

ನಮ್ಮೂರಿಗೆ ಬೆಳಿಗ್ಗೆ ಬರೋದು ಎರಡು ಬಸ್ಸು. ಒಂದು ಆರೂಮುಕ್ಕಾಲಿಗೆ, ಇನ್ನೊಂದು ಎಂಟಕ್ಕೆ. ಕಾಲೇಜು ಒಂಬತ್ತೂವರೆಗೆ. ಎಂಟರ ಬಸ್ಸು ಸರಿಯಾದ ಹೊತ್ತಿನದು. ಆದರೆ ಅದು ಹಿಂದಿನ ನಾಲ್ಕು ಊರಿನ ಜನರನ್ನು ತುಂಬಿಕೊಂಡು ಬರುತ್ತೆ. ವಾರದಲ್ಲಿ ಎರಡು ದಿನ ನಿಲ್ಲದೇ ಹೋಗುತ್ತಿತ್ತು. ಹಾಗಾಗಿ ಎಲ್ಲ ಮಕ್ಕಳೂ ಆರೂಮುಕ್ಕಾಲರ ಬಸ್ಸಿಗೇ ಬೀಳುತ್ತಿದ್ದರು. ಏಳೂವರೆಗೆ ತಾಲೂಕು ಸ್ಟ್ಯಾಂಡಿನಲ್ಲಿ ಇಳಿದು ಎರಡು ಗಂಟೆ ಏನು ಮಾಡಬೇಕು? ಹುಡುಗರು ಟೀ ಅಂಗಡಿ ಮುಂದೆ, ಹುಡುಗಿಯರು ಬೀಗ ಹಾಕಿದ ಕಾಲೇಜು ಗೇಟಿನ ಮುಂದೆ.

(ಇಷ್ಟು ಬೇಗ ಹೊರಡುವ ಮಕ್ಕಳ ಬುತ್ತಿಗೆ ಒಂದು ಮಾತು: ಹಸಿ ಕಾಯಿಚಟ್ನಿ ಬೇಡ, ಮಧ್ಯಾಹ್ನದ ಹೊತ್ತಿಗೆ ಹಳಸಿರುತ್ತೆ. ಹುಣಿಸೆ ಗೊಜ್ಜಿನ ಪುಳಿಯೋಗರೆ, ಇಲ್ಲವೇ ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿಪುಡಿ ಒಂದು ಗಂಟೆಯಾದರೂ ಕೆಡೋದಿಲ್ಲ. ಅನ್ನ ಆರಿದ ಮೇಲೆ ಡಬ್ಬಿ ಮುಚ್ಚಿ.)

ಬೆಳಗಿನದು ತಾಪತ್ರಯ ಅಷ್ಟೆ. ಸಂಜೆಯದು ಭಯ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಹುಡುಗಿ ಇದ್ದಾಳೆ. ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆ ಅಂಕ, ಸೈನ್ಸ್ ತೆಗೆದುಕೊಂಡಳು. ಸೈನ್ಸ್ ಅಂದರೆ ಪ್ರಾಕ್ಟಿಕಲ್ ಇದ್ದದ್ದೇ. ಪ್ರಾಕ್ಟಿಕಲ್ ಇದ್ದ ದಿನ ಕಾಲೇಜು ಬಿಡೋದು ಐದಕ್ಕೆ. ನಮ್ಮೂರ ಕಡೆಯ ಬಸ್ಸು ಸ್ಟ್ಯಾಂಡು ಬಿಡುತ್ತಿದ್ದದ್ದು ನಾಲ್ಕೂ ಐವತ್ತಕ್ಕೆ. ಆಮೇಲಿನದು ಏಳೂ ಇಪ್ಪತ್ತಕ್ಕೆ, ನೈಟ್ ಹಾಲ್ಟ್ ಬಸ್ಸು. ಅದು ನಮ್ಮ ಗೇಟಿಗೆ ಬರೋ ಹೊತ್ತಿಗೆ ಎಂಟು. ಗೇಟಿನಿಂದ ಊರೊಳಗೆ ಒಂದೂವರೆ ಕಿಲೋಮೀಟರು, ದೀಪವಿಲ್ಲದ ದಾರಿ. ಎರಡು ತಿಂಗಳು ಅವಳ ಅಪ್ಪ ಟಾರ್ಚು ಹಿಡಿದು ಗೇಟಿಗೆ ಹೋಗಿ ಕರೆತಂದರು. ಸುಗ್ಗಿ ಬಂತು, ಹೊಲದ ಕೆಲಸ ಬಂತು. ‘ಸಾಕು, ಮನೇಲಿರಲಿ, ಎಲ್ಲಾದರೂ ಗಂಡು ನೋಡೋಣ’ ಅಂದುಬಿಟ್ಟರು. ಆ ಅಪ್ಪ ಕೆಟ್ಟವರಲ್ಲ. ಮಗಳು ಓದಲಿ ಅಂತ ಎಮ್ಮೆ ಮಾರಿದವರು. ಹುಡುಗಿಯ ಹತ್ತಿರ ಶಕ್ತಿ ಯೋಜನೆಯ ಉಚಿತ ಪ್ರಯಾಣವಿತ್ತು. ಸಂಜೆ ಐದೂಕಾಲಕ್ಕೆ ಒಂದು ಬಸ್ಸು ಇರಲಿಲ್ಲ, ಅಷ್ಟೆ.

ನನಗೆ ಈ ಮಾತು ಹೊಟ್ಟೆಗೆ ತಾಗೋಕೆ ಕಾರಣವಿದೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಫಸ್ಟ್ ಕ್ಲಾಸು. ಕಾಲೇಜು ಹದಿನಾಲ್ಕು ಕಿಲೋಮೀಟರು ದೂರ, ದಿನಕ್ಕೆ ಒಂದೇ ಬಸ್ಸು, ಅದೂ ಮಳೆ ಬಂದರೆ ಹಳ್ಳ ದಾಟುತ್ತಿರಲಿಲ್ಲ. ನಮ್ಮಪ್ಪ ಬೇಡವೆನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಜುಲೈ ಕಳೆಯಿತು, ಸೀಟು ಹೋಯಿತು. ಆಗ 1996. ಇಷ್ಟು ವರ್ಷದ ಮೇಲೂ ಅದೇ ಕಾರಣಕ್ಕೆ ಒಂದು ಹುಡುಗಿ ಪುಸ್ತಕ ಕಟ್ಟಿಡಬೇಕೇ?

ಇದು ನಮ್ಮೊಬ್ಬರ ಗೋಳಲ್ಲ ಅನ್ನೋದಕ್ಕೆ ಓದಿದವರ ಆಧಾರವೂ ಇದೆ. ಬಿಹಾರದಲ್ಲಿ 2006ರಿಂದ ಹೈಸ್ಕೂಲು ಹುಡುಗಿಯರಿಗೆ ಸೈಕಲ್ಲು ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅನ್ನುವ ಅರ್ಥಶಾಸ್ತ್ರಜ್ಞರು ಅದರ ಫಲ ಏನಾಯಿತೆಂದು ಲೆಕ್ಕ ಹಾಕಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆ ಸುಮಾರು ಮೂರರಲ್ಲೊಂದು ಪಾಲು ಏರಿತ್ತು. ಅದೂ ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು. ಅಂದರೆ ಹುಡುಗಿಯರಿಗೆ ಅಡ್ಡ ಬಂದದ್ದು ಬುದ್ಧಿಯಲ್ಲ, ದಾರಿ. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ಲು ಕೊಡೋದು ಶುರುವಾಗಿತ್ತು. ಆ ಸೈಕಲ್ಲಿನಲ್ಲೇ ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು ಈಗ ಟೀಚರು, ನರ್ಸು ಆಗಿರೋದನ್ನು ನಾವೇ ಕಾಣ್ತೇವೆ. ಆದರೆ ಹೈಸ್ಕೂಲಿಗೆ ಸಾಕಾದ ಸೈಕಲ್ಲು ಹದಿನಾಲ್ಕು ಕಿಲೋಮೀಟರಿನ ಕಾಲೇಜಿಗೆ ಸಾಲದು, ಅಲ್ಲಿಗೆ ಬಸ್ಸೇ ಬೇಕು.

ಪೇಟೆಯ ಹುಡುಗಿಯರಿಗೆ ಈ ಕಷ್ಟ ಇಲ್ಲ ಅಂದುಕೊಂಡಿದ್ದರೆ ಇದನ್ನೂ ಕೇಳಿ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಗಿರಿಜಾ ಬೋರ್ಕರ್ ಅನ್ನುವ ಸಂಶೋಧಕಿ ಅಧ್ಯಯನ ಮಾಡಿದ್ದಾರೆ. ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗುವಷ್ಟು ಅಂಕವಿದ್ದರೂ ಹುಡುಗಿಯರು ಅದಕ್ಕಿಂತ ಕೆಳಗಿನ ಕಾಲೇಜನ್ನು ಆರಿಸಿಕೊಳ್ಳುತ್ತಾರಂತೆ, ಅಲ್ಲಿಗೆ ಹೋಗುವ ದಾರಿ ಹೆಚ್ಚು ಸುರಕ್ಷಿತ ಅನ್ನುವ ಕಾರಣಕ್ಕೆ. ಬಸ್ಸಿನ ನೂಕುನುಗ್ಗಲಿನಲ್ಲಿ ಹುಡುಗಿಯರಿಗೆ ಏನಾಗುತ್ತೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಾಲದಲ್ಲಿ ಪಿನ್ನು ಇಟ್ಟುಕೊಂಡು ಹೋಗುತ್ತಿದ್ದೆವು. ಈಗಿನ ಮಕ್ಕಳಿಗೆ ನಾನು ಹೇಳೋದು: ಬಾಯಿ ಬಿಟ್ಟು ಜೋರಾಗಿ ಹೇಳು, ಕಂಡಕ್ಟರನ್ನು ಕೂಗು, 112ಕ್ಕೆ ಫೋನ್ ಮಾಡು. ಮನೆಗೆ ಬಂದು ಹೇಳಿದರೆ ನಾವು ‘ನಾಳೆಯಿಂದ ಕಾಲೇಜು ಬೇಡ’ ಅನ್ನುವುದಿಲ್ಲ ಅನ್ನುವ ಧೈರ್ಯವನ್ನು ಮೊದಲು ಮಕ್ಕಳಿಗೆ ಕೊಡಬೇಕು. ಆ ಒಂದು ಹೆದರಿಕೆಗೇ ಎಷ್ಟೋ ಹುಡುಗಿಯರು ಬಾಯಿ ಬಿಡೋದಿಲ್ಲ.

ಡಿಪೋಗೆ ಹೋದ ಹೆಂಗಸರು

ಆ ಹುಡುಗಿ ಮನೆಯಲ್ಲಿ ಕೂತ ಮೇಲೆ ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಇದೇ ಮಾತು ಬಂತು. ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಒಬ್ಬ ಅಜ್ಜಿ, ‘ಬರೀ ಗೊಣಗಿದ್ರೆ ಬಸ್ಸು ಬತ್ತದಾ? ಡಿಪೋ ಸಾಹೇಬರ ತಾವ್ಕೆ ಹೋಗಾಣ ನಡೀರವ್ವ’ ಅಂದರು. ಸರಿ ಅಂತ ಒಂಬತ್ತು ಜನ ಹೊರಟೆವು. ಮೊದಲನೆಯ ಸಲ ಹೋದಾಗ ಸಿಕ್ಕಿದ್ದು ‘ನೋಡೋಣ’ ಅನ್ನುವ ಉತ್ತರ. ಈ ‘ನೋಡೋಣ’ ನಮಗೆ ಹೊಸದಲ್ಲ, ಮದುವೆಗಂಡಿನ ಕಡೆಯವರೂ ಅದನ್ನೇ ಹೇಳ್ತಾರೆ!

ಆದರೆ ಅಲ್ಲಿದ್ದ ಒಬ್ಬ ಹಿರಿಯ ಗುಮಾಸ್ತರು ಹೊರಗೆ ಬಂದು ತಾಳ್ಮೆಯಿಂದ ವಿವರಿಸಿದರು. ಅವರು ಹೇಳಿದ್ದು ಎಲ್ಲ ತಾಯಂದಿರಿಗೂ ಉಪಯೋಗವಾಗಬಹುದು ಅಂತ ಬರೀತಿದ್ದೇನೆ. ಡಿಪೋದಲ್ಲಿ ಪ್ರತಿ ಬಸ್ಸಿಗೂ ಒಂದು ಶೆಡ್ಯೂಲು ಇರುತ್ತೆ. ಒಂದು ಬಸ್ಸು, ಒಬ್ಬ ಡ್ರೈವರು, ಒಬ್ಬ ಕಂಡಕ್ಟರು, ದಿನಕ್ಕೆ ಇಷ್ಟು ಟ್ರಿಪ್ಪು, ಇಷ್ಟು ಕಿಲೋಮೀಟರು, ಇಷ್ಟು ಗಂಟೆ ದುಡಿಮೆ. ಒಂದು ಟ್ರಿಪ್ಪನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿದರೆ ಅದರ ಹಿಂದಿನದು, ಮುಂದಿನದು ಎಲ್ಲಾ ಸರಿಯುತ್ತವೆ, ಮಣಿಸರದ ಹಾಗೆ. ಹೊಸ ಬಸ್ಸು ಕೇಳಿದರೆ ಬಸ್ಸೂ ಬೇಕು, ಸಿಬ್ಬಂದಿಯೂ ಬೇಕು. ಅದು ಡಿಪೋದವರ ಕೈಯಲ್ಲಿಲ್ಲ. ಆದರೆ ಇರುವ ಟ್ರಿಪ್ಪಿನ ಹೊತ್ತು ಬದಲಿಸೋದು, ಒಂದು ಕೋರಿಕೆ ನಿಲುಗಡೆ ಕೊಡೋದು ಬೇಗ ಆಗುವ ಕೆಲಸ. ‘ಬಸ್ಸು ಕೊಡಿ ಅಂತ ಬರಬೇಡಿ ತಾಯಿ, ಇಂಥ ಬಸ್ಸು ಇಷ್ಟು ಹೊತ್ತಿಗೆ ಬಂದರೆ ಇಷ್ಟು ಮಕ್ಕಳು ಹತ್ತುತ್ತಾರೆ ಅಂತ ಬರೆದುಕೊಂಡು ಬನ್ನಿ’ ಅಂದರು.

ಊರಿಗೆ ಬಂದು ಅದನ್ನೇ ಮಾಡಿದೆವು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕಿಬ್ಬರಂತೆ ಗೇಟಿನಲ್ಲಿ ನಿಂತು ಎಣಿಸಿದೆವು. ಬೆಳಿಗ್ಗೆ ಎಂಟರ ಬಸ್ಸಿಗೆ ಕಾದವರು ಎಷ್ಟು, ಹತ್ತಿದವರು ಎಷ್ಟು, ಉಳಿದವರು ಎಷ್ಟು. ಬಸ್ಸು ಬಂದ ಹೊತ್ತು, ನಿಲ್ಲದೇ ಹೋದ ದಿನ. ಬೇರೆ ಎರಡು ಗೇಟಿನ ಹೆಂಗಸರಿಗೂ ಹೇಳಿ ಅವರೂ ಎಣಿಸಿದರು. ಮೂರೂ ಗೇಟು ಸೇರಿ 61 ಮಕ್ಕಳ ಹೆಸರು, ತರಗತಿ, ಕಾಲೇಜು, ಬಿಡುವ ಸಮಯ. ಕಾಲೇಜಿನ ಪ್ರಿನ್ಸಿಪಾಲರು ಪ್ರಾಕ್ಟಿಕಲ್ ಇರುವ ದಿನಗಳ ವೇಳಾಪಟ್ಟಿಗೆ ಸಹಿ ಹಾಕಿ ಸೀಲು ಒತ್ತಿಕೊಟ್ಟರು. ಗ್ರಾಮ ಪಂಚಾಯಿತಿಯವರ ಒಂದು ಪತ್ರವೂ ಆಯಿತು.

ಎರಡನೆಯ ಸಲ ಆ ಕಾಗದ ಮೇಜಿನ ಮೇಲೆ ಇಟ್ಟಾಗ ಮ್ಯಾನೇಜರ್ ಸಾಹೇಬರು ಕುರ್ಚಿ ತರಿಸಿದರು. ಆರು ವಾರವಾಯಿತು. ಸಂಜೆ ನಾಲ್ಕೂ ಐವತ್ತರ ಬಸ್ಸನ್ನು ಐದೂ ಇಪ್ಪತ್ತಕ್ಕೆ ಮಾಡಿದರು. ಬೆಳಿಗ್ಗೆ ಎಂಟರ ಬಸ್ಸಿಗೆ ಹತ್ತು ನಿಮಿಷ ಹಿಂದೆ ಇನ್ನೊಂದು ಊರಿಂದ ಬರುವ ಬಸ್ಸನ್ನು ನಮ್ಮ ಗೇಟಿನ ಮೇಲೆ ತಿರುಗಿಸಿದರು. ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ಶನಿವಾರ ಅರ್ಧ ದಿನದ ಕಾಲೇಜು, ಮಧ್ಯಾಹ್ನ ಎರಡು ಗಂಟೆ ಕಾಯಬೇಕು. ಸಂಜೆ ಬಸ್ಸು ತಡ ಮಾಡಿದ್ದಕ್ಕೆ ಆಸ್ಪತ್ರೆಗೆ ಹೋಗಿಬರುವ ಹಿರಿಯರು ಗೊಣಗುತ್ತಾರೆ, ಅವರ ಮಾತೂ ನ್ಯಾಯವೇ. ಆ ಹುಡುಗಿ? ವರ್ಷ ಹೋಯಿತು. ಆದರೆ ಮುಂದಿನ ಜೂನಿನಲ್ಲಿ ಮತ್ತೆ ಸೇರಿದಳು. ಈಗ ಸೆಕೆಂಡ್ ಪಿ.ಯು.ಸಿ.

ಎಲ್ಲ ಊರಿನ ಕಥೆಯೂ ಒಂದೇ ಅಲ್ಲ. ನಮ್ಮ ಕಡೆ ಓಡೋದು ಸರ್ಕಾರಿ ಬಸ್ಸು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳಿಂದ ಶುರು ಮಾಡಿದ ರಸ್ತೆ ಸಾರಿಗೆ ಇಲಾಖೆಯೇ 1961ರಲ್ಲಿ ನಿಗಮವಾಗಿ ಬೆಳೆದದ್ದು. ಈಗ ರಾಜ್ಯದಲ್ಲಿ ನಾಲ್ಕು ನಿಗಮಗಳಿವೆ. ಆದರೆ ದಕ್ಷಿಣ ಕನ್ನಡ, ಉಡುಪಿಯ ಕಡೆ ಬಹುಪಾಲು ಓಡಾಟ ಖಾಸಗಿ ಬಸ್ಸಿನದೇ. ಅಲ್ಲಿ ಶಕ್ತಿ ಯೋಜನೆ ನಡೆಯೋದಿಲ್ಲ. ಉಡುಪಿಯಲ್ಲಿರುವ ನನ್ನ ನಾದಿನಿ ಫೋನಿನಲ್ಲಿ, ‘ಅತ್ತಿಗೆ, ನಿಮ್ಮಲ್ಲಿ ಫ್ರೀ ಬಸ್ಸು ಅಂತ ಟಿ.ವಿ.ಯಲ್ಲಿ ನೋಡ್ತೇವೆ, ನಮ್ಮ ಮಗಳು ಮಾತ್ರ ದಿನಾ ದುಡ್ಡು ಕೊಟ್ಟೇ ಹೋಗುವುದು ಮಾರಾಯ್ರೆ’ ಅಂತಾಳೆ. ಒಂದೇ ರಾಜ್ಯದ ಹುಡುಗಿಯರಲ್ಲಿ ಈ ಭೇದವೇಕೆ? ಅಲ್ಲಿ ಸರ್ಕಾರಿ ಬಸ್ಸು ಹೆಚ್ಚಿಸಬೇಕು, ಇಲ್ಲವೇ ಖಾಸಗಿ ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿನಿಯರ ಖರ್ಚನ್ನು ಸರ್ಕಾರ ಹೊರುವ ಹಾದಿ ಹುಡುಕಬೇಕು.

ಬೆಂಗಳೂರಿನ ಮಕ್ಕಳದು ಇನ್ನೊಂದು ಪಾಡು. 2025ರ ಫೆಬ್ರವರಿ 9ರಿಂದ ಮೆಟ್ರೊ ದರ ಏರಿದಾಗ ಅತಿ ಹೆಚ್ಚಿನ ಟಿಕೆಟ್ಟು 60 ರೂಪಾಯಿಯಿಂದ 90 ಆಯಿತು. ಆಗ ವಿದ್ಯಾರ್ಥಿಗಳಿಗೆಂದು ಅಲ್ಲಿ ಒಂದು ಪಾಸೂ ಇರಲಿಲ್ಲ. ಪುಣೆ, ನಾಗಪುರದ ಮೆಟ್ರೊದವರು ವಿದ್ಯಾರ್ಥಿಗಳಿಗೆ ಶೇಕಡ 30 ರಿಯಾಯಿತಿ ಕೊಟ್ಟಿದ್ದು ನೋಡಿದರೆ, ಇದು ಆಗದ ಕೆಲಸವೇನಲ್ಲ.

ರೈಲಿನ ವಿಷಯ ಬಹಳ ತಾಯಂದಿರಿಗೆ ಗೊತ್ತೇ ಇಲ್ಲ. ಮನೆಯಿಂದ ಶಾಲೆ ಕಾಲೇಜಿಗೆ ರೈಲಿನಲ್ಲಿ ಹೋಗಿಬರುವ ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೇ ತರಗತಿಯವರೆಗೆ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟ್ಟು ಉಚಿತ. ರೈಲು ದಾರಿಯ ಪಕ್ಕದ ಊರಿನವರು ಕಾಲೇಜಿನಲ್ಲಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಹಾಗೆಯೇ ಇತ್ತೀಚಿನ ವರ್ಷಗಳಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನಗಳಲ್ಲಿ ಹಾಲ್ ಟಿಕೆಟ್ ತೋರಿಸಿದ ಮಕ್ಕಳನ್ನು ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ಪುಕ್ಕಟೆ ಕರೆದೊಯ್ದಿದ್ದಾರೆ.

ಇನ್ನೊಬ್ಬ ಹುಡುಗನನ್ನು ಬಿಟ್ಟರೆ ಈ ಲೇಖನ ಅರ್ಧವಾಗುತ್ತೆ. ನಮ್ಮೂರ ಬಡಗಿಯ ಮಗ, ಒಂದು ಕಾಲು ಸ್ವಾಧೀನವಿಲ್ಲ. ಅಂಗವಿಕಲರಿಗೆ ಮನೆಯಿಂದ 100 ಕಿಲೋಮೀಟರಿನವರೆಗೆ ಓಡಾಡಲು ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸು ಕೊಡುತ್ತಾ ಬಂದಿದ್ದಾರೆ. ಅವನ ಹತ್ತಿರವೂ ಅದು ಇದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಅವನ ಮೊಣಕಾಲಿಗಿಂತ ಮೇಲೆ. ಗೆಳೆಯರು ಇಬ್ಬರು ಎತ್ತಿ ಹತ್ತಿಸುತ್ತಾರೆ. ಗೆಳೆಯರು ರಜಾ ಹಾಕಿದ ದಿನ ಅವನಿಗೂ ರಜಾ. ಬೆಂಗಳೂರಿನಲ್ಲಿ 2006ರಿಂದಲೇ ಮೆಟ್ಟಿಲಿಲ್ಲದೆ ನೆಲಕ್ಕೆ ಸಮನಾಗಿ ಬರುವ ವೋಲ್ವೊ ಬಸ್ಸುಗಳು ಓಡಿದವು. ಹಳ್ಳಿಯ ಹೊಂಡದ ರಸ್ತೆಗೆ ಅವು ಆಗದು, ಗೊತ್ತು. ಆದರೆ ಬಾಗಿಲ ಕೆಳಗೆ ಮಡಚಿ ಬಿಡಿಸುವ ಇನ್ನೊಂದು ಮೆಟ್ಟಿಲು, ಹಿಡಿಯೋಕೆ ಒಂದು ಕಂಬಿ? ಆ ಹುಡುಗನ ಅಪ್ಪ ಅರ್ಧ ದಿನದಲ್ಲಿ ಮರದಲ್ಲಿ ಮಾಡಿಕೊಟ್ಟಾರು. ಗೇಟಿನಲ್ಲಿ ಮೆಟ್ಟಿಲಿನ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿ ಅಂತ ಪಂಚಾಯಿತಿಗೆ ಬರೆದಿದ್ದೇವೆ. ಅದರಿಂದ ಗರ್ಭಿಣಿಯರಿಗೂ ಮಂಡಿನೋವಿನ ಅಜ್ಜಿಯರಿಗೂ ಅನುಕೂಲ.

ನಿಮ್ಮೂರಿನಲ್ಲೂ ಇಂಥ ತೊಂದರೆ ಇದ್ದರೆ ಅರ್ಜಿಯನ್ನು ಡಿಪೋ ಮ್ಯಾನೇಜರಿಗೆ ಬರೆಯಿರಿ, ಒಂದು ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ, ಇನ್ನೊಂದನ್ನು ಶಾಸಕರಿಗೆ ಕಳಿಸಿ. ಬೈಗುಳ ಬೇಡ, ಅಂಕಿ ಇರಲಿ. ಬಸ್ಸಿನ ಹೊತ್ತು, ಗೇಟಿನ ಹೆಸರು, ಮಕ್ಕಳ ಸಂಖ್ಯೆ, ಕಾಲೇಜಿನ ಸಮಯ, ಪ್ರಿನ್ಸಿಪಾಲರ ಸೀಲು. ನಿಲ್ಲಿಸದೇ ಹೋದ ಬಸ್ಸಿನ ನಂಬರು, ತಾರೀಕು ಗುರುತು ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿಯ ಸಹಿ ಹಾಕಿಸಿಕೊಂಡು ಆ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮೇ ತಿಂಗಳಲ್ಲೇ ಕೊಟ್ಟರೆ ಒಳ್ಳೆಯದು, ಶಾಲೆ ಶುರುವಾಗುವ ಮೊದಲು ಅವರಿಗೆ ಹೊಂದಿಸಲು ಬಿಡುವು ಸಿಗುತ್ತೆ.

ನಮ್ಮದು ಶನಿವಾರದ ಮಧ್ಯಾಹ್ನದ ಬಸ್ಸಿನ ಅರ್ಜಿ ಇನ್ನೂ ಬಾಕಿ. ಈ ಸಲ ನಾಲ್ಕು ಗೇಟಿನವರು ಸೇರಿದ್ದೇವೆ. ಬರುವ ಶನಿವಾರದಿಂದ ಎಣಿಕೆ.